ಗೊತ್ತಿಲ್ಲದ ಫೈಲ್ ಬಂದ್ರೆ ಹೇಗೆ ತೆಗೆಯೋದು? ಫ್ರೀ ಸಾಫ್ಟ್‌ವೇರಾ, ಕನ್ವರ್ಟರ್ ಸೈಟಾ, ಡಿಟಿಪಿ ಅಂಗಡಿನಾ?

ಹೋದ ತಿಂಗಳು ಸಕಲೇಶಪುರದಿಂದ ಚಿಕ್ಕಪ್ಪ ಫೋನ್ ಮಾಡಿದ್ರು. ತೋಟದ ಅಳತೆ ಮಾಡಿಸಿದ್ರು, ಅಳತೆ ಮಾಡ್ದೋರು ವಾಟ್ಸಾಪಲ್ಲಿ ಎರಡು ಫೈಲ್ ಕಳಿಸಿದ್ರಂತೆ, ಒಂದು ಡಿಡಬ್ಲ್ಯೂಜಿ (ನಕ್ಷೆ ಬರೆಯೋ ಆಟೋಕ್ಯಾಡ್ ಸಾಫ್ಟ್‌ವೇರಿನ ಫೈಲು) ಇನ್ನೊಂದು ಕೆಎಂಝಡ್ (ಗೂಗಲ್ ಅರ್ಥ್ ನಕ್ಷೇಲಿ ಜಾಗ ಗುರುತಿಸೋ ಫೈಲು), ಎರಡೂ ಫೋನಲ್ಲೂ ತೆಗೆಯಲ್ಲ ಮನೆ ಕಂಪ್ಯೂಟರಲ್ಲೂ ತೆಗೆಯಲ್ಲ. ಪಕ್ಕದ ತೋಟದವರು ಆಟೋಕ್ಯಾಡ್ ಹಾಕಿಸ್ಕೊಳ್ಳಿ ಅಂದ್ರಂತೆ, ಇನ್ಯಾರೋ ನೆಟ್‌ನಲ್ಲಿ ಕನ್ವರ್ಟ್ ಮಾಡ್ಕೊಡೋ ಸೈಟ್ ಇದೆ ಅಂದ್ರಂತೆ, ಮಗ ಬೆಂಗಳೂರಿಂದ ಫೋನಲ್ಲಿ ಹಾಸನಕ್ಕೆ ಹೋಗಿ ಪ್ರಿಂಟ್ ತೆಗೆಸ್ಕೊಂಡು ಬನ್ನಿ ಅಪ್ಪಾ ಅಂದ. ಚಿಕ್ಕಪ್ಪ ಕೇಳಿದ್ದು ಒಂದೇ ಮಾತು, "ಇವುಗಳಲ್ಲಿ ಯಾವ್ದು ಮಾಡ್ಲಿ ಹೇಳೋ".

ಹಾಸನದಲ್ಲಿ ಕಂಪ್ಯೂಟರ್ ಕೆಲಸ ಮಾಡ್ಕೊಂಡಿರೋ ನನಗೆ ಇದೇ ಪ್ರಶ್ನೆ ವಾರಕ್ಕೊಂದ್ಸಲ ಯಾರಾದ್ರೂ ಕೇಳ್ತಾರೆ, ಫೈಲ್ ಮಾತ್ರ ಬೇರೆ ಬೇರೆ. ಬೇಲೂರಿನ ಹುಡುಗಿಗೆ ಫ್ರೆಂಡ್ ಕಳಿಸಿದ ಪ್ರಾಜೆಕ್ಟ್ ರಿಪೋರ್ಟು ಪೇಜಸ್ ಅನ್ನೋ ಫೈಲಲ್ಲಿತ್ತು. ಅರಸೀಕೆರೆಯ ಸ್ನೇಹಿತನಿಗೆ ತಂಗಿ ಮದುವೆ ಪತ್ರಿಕೆ ಸಿಡಿಆರ್ ಫೈಲಲ್ಲಿ ಬಂದಿತ್ತು. ನಮ್ಮತ್ತಿಗೆ ಹತ್ರ ಅವರ ಮದುವೆ ವಿಸಿಡಿ ಇತ್ತು, ಒಳಗೆ ನೋಡಿದ್ರೆ ಬರೀ ಡಾಟ್ ಡ್ಯಾಟ್ ಫೈಲುಗಳು. ಅದಕ್ಕೆ ಇರೋ ದಾರಿಗಳನ್ನೆಲ್ಲ ಒಂದ್ಸಲ ತೂಗಿ ನೋಡಿ ಬರೆದುಬಿಡೋಣ ಅಂತ ಕೂತೆ.

ದಾರಿ ಆರಿಸೋಕೆ ಮುಂಚೆ ನಿಮ್ಮನ್ನ ನೀವೇ ಐದು ವಿಷಯ ಕೇಳ್ಕೊಳ್ಳಿ. ಫೈಲ್ ಒಳಗೆ ಇರೋದು ಬೇರೆಯವರ ಕೈಗೆ ಹೋದ್ರೆ ತೊಂದ್ರೆ ಆಗುತ್ತಾ, ಅಂದ್ರೆ ಆಧಾರ್, ಪಹಣಿ, ಬ್ಯಾಂಕಿಂದು, ಮಾರ್ಕ್ಸ್ ಕಾರ್ಡ್ ಅಂಥದ್ದು? ಬರೀ ನೋಡಿದ್ರೆ ಸಾಕಾ, ಒಳಗೆ ತಿದ್ದಲೂ ಬೇಕಾ? ಇವತ್ತೊಂದು ದಿನದ ಕೆಲಸಾನಾ, ಇಂಥ ಫೈಲ್ ಇನ್ನು ಮುಂದೆ ದಿನಾ ಬರುತ್ತಾ? ಕಳಿಸಿದವರು ಫೋನಿಗೆ ಸಿಗ್ತಾರಾ? ಕೊನೇದು ಕೈಲಿ ಏನಿದೆ ಅನ್ನೋದು, ಬರೀ ಫೋನಾ, ಹಳೇ ಕಂಪ್ಯೂಟರಾ, ನೆಟ್ ಹೇಗಿದೆ. ಹಾಸನ ಟೌನಲ್ಲಿ ಕೂತು ದೊಡ್ಡ ಡೌನ್‌ಲೋಡ್ ಹಾಕೋದು ಬೇರೆ, ಆಷಾಢದ ಮಳೇಲಿ ಕರೆಂಟೂ ಇಲ್ದೆ ಸಿಗ್ನಲ್ಲೂ ಇಲ್ದೆ ತೋಟದ ಮನೇಲಿ ಕೂತು ಹಾಕೋದೇ ಬೇರೆ. ದುಡ್ಡಿನ ಪ್ರಶ್ನೆ ಇದಾದ್ಮೇಲೇ ಬರೋದು, ಯಾಕಂದ್ರೆ ಈ ಐದಕ್ಕೆ ಉತ್ತರ ಸಿಕ್ಕಿದ್ರೆ ಎಷ್ಟೋ ಸಲ ದುಡ್ಡೇ ಬೇಕಾಗಲ್ಲ.

ಮೊದಲು ಅದು ಏನು ಅಂತ ಗೊತ್ತಾಗಲಿ

ಎಕ್ಸ್‌ಟೆನ್ಷನ್ ಅಂದ್ರೆ ಫೈಲ್ ಹೆಸರಲ್ಲಿ ಕೊನೇ ಚುಕ್ಕಿ ಆದ್ಮೇಲೆ ಬರೋ ಅಕ್ಷರಗಳು. ಹಳೇ ಡಾಸ್ ಕಾಲದಲ್ಲಿ ಹೆಸರಿಗೆ 8 ಅಕ್ಷರ, ಚುಕ್ಕಿ ಆದ್ಮೇಲೆ 3 ಅಕ್ಷರ ಅಷ್ಟೇ ಇಡಬಹುದಿತ್ತು, ಜೆಪೆಗ್ ಹೋಗಿ ಜೆಪಿಜಿ ಆಗಿದ್ದು, ಎಚ್‌ಟಿಎಂಎಲ್ ಎಚ್‌ಟಿಎಂ ಆಗಿದ್ದು ಆ ಕಾಲದಲ್ಲೇ. ಈಗ ಆ ಕಟ್ಟುಪಾಡು ಇಲ್ಲ, ಆದ್ರೂ ರೂಢಿ ಹಾಗೇ ಉಳ್ಕೊಂಡಿದೆ.

ವಿಂಡೋಸ್ ಈ ಎಕ್ಸ್‌ಟೆನ್ಷನ್ನ ತಾನಾಗೇ ಮುಚ್ಚಿಟ್ಟಿರುತ್ತೆ. ವಿಂಡೋಸ್ 11 ಆದ್ರೆ ಯಾವ್ದಾದ್ರೂ ಫೋಲ್ಡರ್ ತೆಗೆದು ಮೇಲಿರೋ ವ್ಯೂ ಒತ್ತಿ, ಶೋ ಅಂತ ಇದೆ, ಅದರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್‌ಗೆ ಟಿಕ್ ಹಾಕಿ. ವಿಂಡೋಸ್ 10 ಅಲ್ಲಿ ವ್ಯೂ ಒತ್ತಿದ್ರೆ ಅಲ್ಲೇ ಕಾಣುತ್ತೆ. ಇದನ್ನ ದಯವಿಟ್ಟು ಇವತ್ತೇ ಮಾಡಿಟ್ಕೊಳ್ಳಿ. 2000ನೇ ಇಸವಿ ಮೇ ತಿಂಗಳಲ್ಲಿ ಪ್ರಪಂಚಾನೇ ಅಲ್ಲಾಡಿಸಿದ ಐ ಲವ್ ಯು ವೈರಸ್ ಹರಡಿದ್ದು ಈ ಮುಚ್ಚಿಟ್ಟ ಹೆಸರಿಂದಾನೇ, ಫೈಲ್ ಹೆಸರು ನಿಜವಾಗಿ ಟಿಎಕ್ಸ್‌ಟಿ ಆದ್ಮೇಲೆ ಇನ್ನೊಂದು ಚುಕ್ಕಿ ವಿಬಿಎಸ್ ಅಂತ ಇತ್ತು, ವಿಬಿಎಸ್ ಕಾಣದೇ ಇದ್ದಿದ್ರಿಂದ ಜನ ಮಾಮೂಲಿ ಪ್ರೇಮಪತ್ರ ಅಂದ್ಕೊಂಡು ಒತ್ತಿಬಿಟ್ರು. ಈಗ ಅದೇ ಮೋಸ ವಾಟ್ಸಾಪಲ್ಲಿ ಮದುವೆ ಪತ್ರಿಕೆ ಅನ್ನೋ ಹೆಸರಲ್ಲಿ ಎಪಿಕೆ ಫೈಲಾಗಿ ಬರ್ತಿದೆ. ಎಪಿಕೆ ಅಂದ್ರೆ ಆಂಡ್ರಾಯ್ಡ್ ಆ್ಯಪ್, ಪತ್ರಿಕೆ ಯಾವತ್ತೂ ಎಪಿಕೆ ಆಗಿರಲ್ಲ, ಪಿಡಿಎಫ್ ಇರುತ್ತೆ ಇಲ್ಲಾ ಫೋಟೋ ಇರುತ್ತೆ. ಎಪಿಕೆ, ಇಎಕ್ಸ್‌ಇ, ಎಸ್‌ಸಿಆರ್, ವಿಬಿಎಸ್, ಬ್ಯಾಟ್, ಈ ಐದೂ ಒತ್ತಿದ್ರೆ ಓಡೋ ಪ್ರೋಗ್ರಾಂಗಳು, ನೀವಾಗೇ ಕೇಳಿ ತರಿಸ್ಕೊಂಡಿದ್ದಲ್ಲ ಅಂದ್ರೆ ಹೇಗೆ ತೆಗೆಯೋದು ಅಂತ ಯೋಚನೇನೇ ಮಾಡಬೇಡಿ, ಅಳಿಸಿಬಿಡಿ. ಒತ್ತಿ ದುಡ್ಡು ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಂದು ವಿಷಯ, ಹೆಸರು ಬದಲಾಯಿಸಿದ್ರೆ ಫೈಲ್ ಬದಲಾಗಲ್ಲ. ಕಾಫಿ ಚೀಲದ ಮೇಲೆ ಅರೇಬಿಕಾ ಪಾರ್ಚ್‌ಮೆಂಟ್ ಅಂತ ಬರೆದ ಮಾತ್ರಕ್ಕೆ ಒಳಗಿರೋ ರೋಬಸ್ಟಾ ಚೆರ್ರಿ ಅರೇಬಿಕಾ ಆಗುತ್ತಾ? ತಗೊಳ್ಳೋರು ಚೀಲಕ್ಕೆ ಚುಚ್ಚಿ ನಾಲ್ಕು ಕಾಳು ಕೈಗೆ ಹಾಕ್ಕೊಂಡೇ ನೋಡೋದು. ಫೈಲಿಗೂ ಹಾಗೇ ಚುಚ್ಚಿ ನೋಡಬಹುದು. ನೋಟ್‌ಪ್ಯಾಡ್ ತೆಗೀರಿ, ಅದರೊಳಗಿಂದ ಓಪನ್ ಕೊಟ್ಟು ಆಲ್ ಫೈಲ್ಸ್ ಆರಿಸಿ ಆ ಫೈಲ್ ತೆಗೀರಿ. ಗಜಿಬಿಜಿ ಅಕ್ಷರ ಬರುತ್ತೆ, ಹೆದರಬೇಡಿ, ಮೊದಲ ಸಾಲಿನ ಶುರು ಮಾತ್ರ ನೋಡಿ. ಶೇಕಡಾ ಗುರುತು ಹಾಕಿ ಪಿಡಿಎಫ್ ಅಂತಿದ್ರೆ ಅದು ಪಿಡಿಎಫ್. ಪಿ ಕೆ ಅಂತ ಶುರುವಾದ್ರೆ ಅದು ಝಿಪ್ ಜಾತಿ, ಝಿಪ್ ಕಂಡುಹಿಡಿದ ಫಿಲ್ ಕಾಟ್ಝ್ ಅವರ ಹೆಸರಿನ ಅಕ್ಷರ ಅದು, ಡಾಕ್ಸ್, ಎಕ್ಸೆಲ್‌ನ ಎಕ್ಸ್‌ಎಲ್‌ಎಸ್‌ಎಕ್ಸ್, ಕೆಎಂಝಡ್, ಎಪಿಕೆ ಎಲ್ಲಾ ಒಳಗೆ ಝಿಪ್ಪೇ. ಎಂ ಝಡ್ ಅಂತ ಶುರುವಾದ್ರೆ ಅದು ಇಎಕ್ಸ್‌ಇ ಜಾತಿ, ಹೆಸರು ಏನೇ ಇರಲಿ ಅಳಿಸಿ. ಪಿಎನ್‌ಜಿ, ಆರ್‌ಎಆರ್ ಇವೂ ತಮ್ಮ ಹೆಸರು ಶುರುವಲ್ಲೇ ಬರ್ಕೊಂಡಿರ್ತವೆ. ನೋಡಿ ಆದ್ಮೇಲೆ ಸೇವ್ ಮಾಡದೆ ಮುಚ್ಚಿ, ಸೇವ್ ಮಾಡಿದ್ರೆ ಫೈಲ್ ಕೆಟ್ಟುಹೋಗುತ್ತೆ. ವಿಡಿಯೋ ಥರ ದೊಡ್ಡ ಫೈಲಿಗೆ ಇದು ಬೇಡ, ಕಂಪ್ಯೂಟರ್ ಒದ್ದಾಡುತ್ತೆ. ಇದನ್ನೇ ಸರಿಯಾಗಿ ಮಾಡೋಕೆ ಟ್ರಿಡ್ ಅಂತ ಪುಕ್ಕಟೆ ಪ್ರೋಗ್ರಾಂ ಇದೆ, ಲಿನಕ್ಸ್ ಇರೋರಿಗೆ ಫೈಲ್ ಅನ್ನೋ ಕಮಾಂಡೇ ಸಾಕು.

ಏನು ಅಂತ ಗೊತ್ತಾದ್ಮೇಲೆ ಇನ್ನು ದಾರಿಗಳು.

ಕಳಿಸಿದವರನ್ನೇ ಕೇಳೋದು

ಇದಕ್ಕೆ ಖರ್ಚಿಲ್ಲ, ಅಪಾಯ ಇಲ್ಲ, ಆದ್ರೂ ಜನ ಕೊನೇಲಿ ಮಾಡ್ತಾರೆ, ಸಂಕೋಚ. ನನ್ನ ಪ್ರಕಾರ ಬರೀ ನೋಡೋಕೆ ಅಂತಾದ್ರೆ ಬೇರೆ ಯಾವ ದಾರೀನೂ ಇದರ ಹತ್ರ ಬರಲ್ಲ. ಫೈಲ್ ಮಾಡಿದವರ ಹತ್ರ ಆ ಸಾಫ್ಟ್‌ವೇರ್ ಇದ್ದೇ ಇರುತ್ತೆ, ಪಿಡಿಎಫ್ ಮಾಡೋಕೆ ಅವರಿಗೆ ಒಂದು ನಿಮಿಷ. ಬೇಲೂರಿನ ಹುಡುಗಿಗೆ ಹೇಳಿದ್ದೂ ಅದನ್ನೇ, ಪೇಜಸ್ ಅನ್ನೋದು ಆ್ಯಪಲ್ ಕಂಪ್ಯೂಟರಿನ ಫೈಲು, ಅಲ್ಲೇ ಎಕ್ಸ್‌ಪೋರ್ಟ್ ಕೊಟ್ಟು ವರ್ಡ್ ಅಂತ ಆರಿಸಿದ್ರೆ ಮುಗೀತು. ಫ್ರೆಂಡ್ ಫೋನಿಗೆ ಸಿಗದಿದ್ರೆ ಪುಕ್ಕಟೆ ಆ್ಯಪಲ್ ಅಕೌಂಟ್ ಮಾಡ್ಕೊಂಡು ಐಕ್ಲೌಡ್ ಸೈಟಲ್ಲೇ ತೆಗೀಬಹುದಿತ್ತು, ಅದರ ಅಗತ್ಯ ಬರಲಿಲ್ಲ.

ಆದ್ರೆ ತಿದ್ದೋದಿದ್ರೆ ಪಿಡಿಎಫ್ ಕೇಳಬೇಡಿ, ಅಲ್ಲಿ ಎಡವೋರೇ ಜಾಸ್ತಿ. ಅರಸೀಕೆರೆ ಸ್ನೇಹಿತನಿಗೆ ಪತ್ರಿಕೇಲಿ ಮುಹೂರ್ತದ ಟೈಮ್ ಬದಲಾಯಿಸಬೇಕಿತ್ತು, ಪಿಡಿಎಫ್ ತಗೊಂಡಿದ್ರೆ ಕೈ ಕಟ್ಟಿಹಾಕಿದ ಹಾಗೆ. ಸಿಡಿಆರ್ ಅನ್ನೋದು ಕೋರಲ್ ಡ್ರಾ ಫೈಲು, ಹೊಸ ವರ್ಷನ್ನಲ್ಲಿ ಮಾಡಿದ್ದು ಹಳೇ ವರ್ಷನ್ನಲ್ಲಿ ತೆಗೆಯಲ್ಲ, ಪ್ರೆಸ್‌ನವರ ಹತ್ರ ಹಳೇದಿತ್ತು. ಸೇವ್ ಆ್ಯಸ್ ಕೊಡೋವಾಗ ಕೆಳಗಿನ ವರ್ಷನ್ ಆರಿಸಿ ಕಳಿಸಿ, ಜೊತೆಗೆ ಬಳಸಿದ ಕನ್ನಡ ಫಾಂಟೂ ಕಳಿಸಿ ಅಂತ ಡಿಸೈನ್ ಮಾಡಿದವರಿಗೆ ಹೇಳಿಸಿದೆ, ಕೆಲಸ ಆಯ್ತು. ತಿದ್ದೋದೆಲ್ಲ ಮುಗಿದ ಮೇಲೆ ಪ್ರಿಂಟಿಗೆ ಕೊಡೋವಾಗ ಅಕ್ಷರಗಳನ್ನ ಕರ್ವ್ ಮಾಡಿ, ಅಂದ್ರೆ ಬರೀ ಚಿತ್ರದ ಗೆರೆಯಾಗಿ ಬದಲಾಯಿಸಿ ಕೊಟ್ರೆ ಫಾಂಟ್ ಇಲ್ದೇ ಇದ್ರೂ ಅಕ್ಷರ ಕೆಡಲ್ಲ.

ಐಫೋನ್ ಫೋಟೋದೂ ಇದೇ ಕಥೆ. 2017ರ ಐಓಎಸ್ 11 ಇಂದ ಐಫೋನ್ ಕ್ಯಾಮೆರಾ ಎಚ್‌ಇಐಸಿ ಅನ್ನೋ ರೂಪದಲ್ಲಿ ಸೇವ್ ಮಾಡುತ್ತೆ, ಜಾಗ ಕಡಿಮೆ ತಿನ್ನುತ್ತೆ ಅಂತ. ವಿಂಡೋಸಲ್ಲಿ ತೆಗೆಯೋಕೆ ಮೈಕ್ರೋಸಾಫ್ಟ್ ಸ್ಟೋರಲ್ಲಿ ಹೀಫ್ ಇಮೇಜ್ ಎಕ್ಸ್‌ಟೆನ್ಷನ್ ಪುಕ್ಕಟೆ ಇದೆ, ಆದ್ರೆ ಅದರ ಜೊತೆ ಬೇಕಾಗೋ ಎಚ್‌ಇವಿಸಿ ಎಕ್ಸ್‌ಟೆನ್ಷನ್ನಿಗೆ ಸ್ವಲ್ಪ ದುಡ್ಡು ಕೇಳುತ್ತೆ. ಮನೇಲೇ ಯಾರದ್ದೋ ಐಫೋನ್ ಆದ್ರೆ ಅದರ ಸೆಟ್ಟಿಂಗ್ಸಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್, ಮೋಸ್ಟ್ ಕಂಪ್ಯಾಟಿಬಲ್ ಅಂತ ಮಾಡಿಸಿ, ಅವತ್ತಿಂದ ತೆಗೆದ ಫೋಟೋ ಎಲ್ಲಾ ಜೆಪಿಜಿ.

ಫೋನಲ್ಲಿ ಇರೋದ್ರಲ್ಲೇ ನೋಡೋದು

ಕಂಪ್ಯೂಟರ್ ಇಲ್ದೇ ಇರೋರಿಗೆ, ವಯಸ್ಸಾದವರಿಗೆ ನಾನು ಹೇಳೋದು ಇದು. ಗೂಗಲ್ ಡ್ರೈವಿಗೆ ಹಾಕಿದ್ರೆ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಅಷ್ಟೇ ಅಲ್ಲ, ಫೋಟೋಶಾಪಿನ ಪಿಎಸ್‌ಡಿ, ಇಲಸ್ಟ್ರೇಟರಿನ ಎಐ ಫೈಲೂ ಒಳಗೇನಿದೆ ಅಂತ ತೋರಿಸುತ್ತೆ. 15 ಜಿಬಿ ತನಕ ಪುಕ್ಕಟೆ, ಆದ್ರೆ ಅದರಲ್ಲಿ ನಿಮ್ಮ ಮೇಲು, ಫೋಟೋ ಎಲ್ಲಾ ಸೇರಿರುತ್ತೆ. ಚಿಕ್ಕಪ್ಪನ ಕೆಎಂಝಡ್ ಫೈಲಿಗೆ ಗೂಗಲ್ ಅರ್ಥ್ ಆ್ಯಪ್ ಹಾಕ್ಕೊಳ್ಳಿ ಅಂದೆ, ಹಾಕ್ಕೊಂಡು ತೆಗೆದ್ರು, ಉಪಗ್ರಹ ಚಿತ್ರದ ಮೇಲೆ ತೋಟದ ಬೌಂಡ್ರಿ ಗೆರೆ ಹಾಗೇ ಬಂತು, ಹಳ್ಳದ ಪಕ್ಕದ ಮೂಲೆ ಎಲ್ಲಿ ಬರುತ್ತೆ ಅಂತ ಅಲ್ಲೇ ನೋಡ್ಕೊಂಡ್ರು. ಅರ್ಧ ಸಮಸ್ಯೆ ಒಂದು ಪೈಸೆ ಖರ್ಚಿಲ್ದೆ ಮುಗೀತು. ತಿದ್ದೋ ಕೆಲಸ ಮಾತ್ರ ಫೋನಲ್ಲಿ ಹಿಂಸೆ.

ಫ್ರೀ ಸಾಫ್ಟ್‌ವೇರ್ ಹಾಕ್ಕೊಳ್ಳೋದು

ಮನೇಲಿ ಕಂಪ್ಯೂಟರ್ ಇದ್ದು ಆಗಾಗ ಇಂಥ ಫೈಲ್ ಬರೋ ಹಾಗಿದ್ರೆ ನನ್ನ ಓಟು ಇದಕ್ಕೇ. ಫೈಲ್ ನಿಮ್ಮ ಮನೆ ಬಿಟ್ಟು ಆಚೆ ಹೋಗಲ್ಲ, ಒಂದ್ಸಲ ಹಾಕಿದ್ರೆ ನೆಟ್ ಇಲ್ದೇನೂ ನಡೆಯುತ್ತೆ. ಸೆವೆನ್ ಝಿಪ್ ಎರಡು ಎಂಬಿನೂ ಇಲ್ಲ, ಝಿಪ್ಪು, ಆರ್‌ಎಆರ್, ಐಎಸ್‌ಒ ಎಲ್ಲಾ ಬಿಚ್ಚುತ್ತೆ. ವಿಂಡೋಸ್ 11ಗೆ 2023ರ ಕೊನೇಲಿ ಬಂದ ಅಪ್‌ಡೇಟ್ ಆದ್ಮೇಲೆ ಆರ್‌ಎಆರ್ ತಾನೇ ತೆಗೆಯುತ್ತೆ, ಆದ್ರೆ ಹಳೇ ಕಂಪ್ಯೂಟರಿಗೆ ಸೆವೆನ್ ಝಿಪ್ ಬೇಕೇ ಬೇಕು. ವಿಎಲ್‌ಸಿ ಹಾಕಿದ್ರೆ ಹಾಡು ವಿಡಿಯೋ ವಿಷಯದಲ್ಲಿ ಬೇರೇನೂ ಹುಡುಕೋದೇ ಬೇಡ, ವಾಟ್ಸಾಪ್ ವಾಯ್ಸ್ ಮೆಸೇಜಿನ ಓಪಸ್ ಫೈಲಿಂದ ಹಿಡಿದು ಡಿವಿಡಿಯ ವಿಓಬಿ ತನಕ ಹಾಡುತ್ತೆ. ಫೋಟೋಗಳಿಗೆ ಇರ್ಫಾನ್‌ವ್ಯೂ, ಮನೆ ಬಳಕೆಗೆ ಪುಕ್ಕಟೆ.

ಇವೆಲ್ಲದರಲ್ಲಿ ಜನಕ್ಕೆ ಕಡಿಮೆ ಗೊತ್ತಿರೋದು ಲಿಬ್ರೆಆಫೀಸ್. ಡೌನ್‌ಲೋಡ್ ಸುಮಾರು 350 ಎಂಬಿ, ವರ್ಡ್ ಎಕ್ಸೆಲ್ ತೆಗೆಯುತ್ತೆ ಅಂತ ಎಲ್ಲರಿಗೂ ಗೊತ್ತು, ಆದ್ರೆ ಅದರ ಡ್ರಾ ಅನ್ನೋ ಭಾಗದಲ್ಲಿ ಸಿಡಿಆರ್ ತೆಗೆಯುತ್ತೆ, ಪಬ್ಲಿಷರಿನ ಪಬ್ ಫೈಲ್ ತೆಗೆಯುತ್ತೆ, ಪುಸ್ತಕದ ಪುಟ ಜೋಡಿಸೋ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರಿನ ಪಿಎಂಡಿ ಕೂಡ ತೆಗೆಯುತ್ತೆ. ನಮ್ಮ ಕಡೆ ಎಷ್ಟು ಸ್ಮರಣ ಸಂಚಿಕೆ, ಸಂಘದ ವರದಿ, ದೇವಸ್ಥಾನದ ಪುಸ್ತಕ ಪೇಜ್‌ಮೇಕರಲ್ಲೇ ಉಳಿದಿವೆ ನೋಡಿ. ಪೇಜ್‌ಮೇಕರಿನ ಕೊನೇ ವರ್ಷನ್ 7 ಬಂದಿದ್ದು 2001ರಲ್ಲಿ, ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಸಾಫ್ಟ್‌ವೇರು ಸಿಎಸ್6 ವರ್ಷನ್ ತನಕ ಆ ಫೈಲ್ ತೆಗೀತಿತ್ತು, ಅದರಿಂದ ಈಚಿನ ಇನ್‌ಡಿಸೈನ್ ತೆಗೆಯಲ್ಲ. ಪುಟದ ಜೋಡಣೆ ಸ್ವಲ್ಪ ಆಚೀಚೆ ಆಗುತ್ತೆ, ಚಿತ್ರ ತಪ್ಪಿಹೋಗಬಹುದು, ಅಕ್ಷರ ಉಳಿಯುತ್ತೆ, ನನಗೆ ಅಕ್ಷರ ಉಳಿಯೋದೇ ದೊಡ್ಡದು.

ಅಕ್ಷರ ಅಂದಾಗ ಕನ್ನಡದ ಒಂದು ಕಷ್ಟ ಹೇಳಲೇಬೇಕು. ಫೈಲೇನೋ ತೆಗೆಯುತ್ತೆ, ಒಳಗೆ ನೋಡಿದ್ರೆ ಇಂಗ್ಲಿಷ್ ಅಕ್ಷರದ ತಲೆ ಮೇಲೆ ಸೊಟ್ಟ ಗೆರೆ, ಚುಕ್ಕಿ ಇರೋ ಗೋಜಲು. ಫೈಲ್ ಕೆಟ್ಟಿದೆ ಅಂತ ಅಳಿಸಿಬಿಡೋರನ್ನ ನೋಡಿದ್ದೀನಿ, ಹೊಟ್ಟೆ ಉರಿಯುತ್ತೆ. ಅದು ಕೆಟ್ಟಿಲ್ಲ, ನುಡಿ ಅಥವಾ ಶ್ರೀಲಿಪಿ ಥರದ ಹಳೇ ಆಸ್ಕಿ ಫಾಂಟಲ್ಲಿ, ಅಂದ್ರೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ಕೂರಿಸಿದ ಫಾಂಟಲ್ಲಿ ಟೈಪ್ ಮಾಡಿರೋದು. ಇಲ್ಲಿ ಎಕ್ಸ್‌ಟೆನ್ಷನ್ ನೋಡಿ ಏನೂ ಗೊತ್ತಾಗಲ್ಲ. ಯಾವ ಫಾಂಟ್ ಅಂತ ಮೇಲೆ ಹೆಸರು ಕಾಣುತ್ತೆ, ಆ ಫಾಂಟ್ ಹಾಕ್ಕೊಂಡ್ರೆ ಓದಬಹುದು, ಇಲ್ಲಾ ಆಸ್ಕಿಯಿಂದ ಯೂನಿಕೋಡಿಗೆ ತಿರುಗಿಸೋ ಪುಕ್ಕಟೆ ಕನ್ವರ್ಟರಿಗೆ ಹಾಕಿದ್ರೆ ಮುಂದೆ ಯಾವ ಫೋನಲ್ಲಾದ್ರೂ ಓದೋ ಹಾಗಾಗುತ್ತೆ. ಡಾಟ್ ಬಿಆರ್‌ಎಚ್ ಅಂತಿದ್ರೆ ಅದು ಬರಹ ಸಾಫ್ಟ್‌ವೇರಿಂದು, ಬರಹ ಹಾಕ್ಕೊಂಡೇ ತೆಗೀಬೇಕು.

ಡಿಡಬ್ಲ್ಯೂಜಿಗೆ ಆಟೋಕ್ಯಾಡ್ ಮಾಡೋ ಆಟೋಡೆಸ್ಕ್‌ನವರದ್ದೇ ಡಿಡಬ್ಲ್ಯೂಜಿ ಟ್ರೂವ್ಯೂ ಪುಕ್ಕಟೆ ಇದೆ, ನೋಡಬಹುದು, ಅಳತೆ ತಗೋಬಹುದು, ಪ್ರಿಂಟ್ ಹಾಕಬಹುದು. ತಿದ್ದೋಕೆ ಆಗಲ್ಲ. ಫೈಲ್ ದೊಡ್ಡದು, ಹಳೇ ಕಂಪ್ಯೂಟರಿಗೆ ಭಾರ.

ಯಾವ್ದೇ ಫ್ರೀ ಸಾಫ್ಟ್‌ವೇರ್ ಆದ್ರೂ ಅದು ಮಾಡಿದವರ ಸ್ವಂತ ಸೈಟಿಂದಾನೇ ಇಳಿಸ್ಕೊಳ್ಳಿ. ಗೂಗಲಲ್ಲಿ ಮೇಲೆ ಬರೋ ಜಾಹೀರಾತಿನ ಲಿಂಕ್ ಒತ್ತಬೇಡಿ.

ಕನ್ವರ್ಟರ್ ಸೈಟ್

ಸೈಟಿಗೆ ಫೈಲ್ ಹಾಕಿದ್ರೆ ಬೇರೆ ರೂಪದಲ್ಲಿ ವಾಪಸ್ ಕೊಡುತ್ತೆ. ಬೇಗ ಆಗುತ್ತೆ ನಿಜ, ಫೋನಲ್ಲೂ ಆಗುತ್ತೆ ನಿಜ. ಆದ್ರೆ ನಿಮ್ಮ ಫೈಲ್ ಯಾರದ್ದೋ ಕಂಪ್ಯೂಟರಿಗೆ ಹೋಗಿ ಬರೋದೂ ಅಷ್ಟೇ ನಿಜ. ಒಂದ್ಸಲ ನಾನೂ ಅವಸರದಲ್ಲಿ ಒಬ್ಬರ ಫೈಲ್ ಇಂಥ ಒಂದು ಸೈಟಿಗೆ ಹಾಕಿದೆ, ವಾಪಸ್ ಬಂದ ಫೈಲಿನ ಜೊತೆ ಕೇಳದೇ ಇರೋ ಒಂದು ಇಎಕ್ಸ್‌ಇ ಇಳೀತು. ಒತ್ತಲಿಲ್ಲ, ಬಚಾವಾದೆ. 2025ರ ಮಾರ್ಚಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ ಇದರ ಬಗ್ಗೇನೇ ಎಚ್ಚರಿಕೆ ಕೊಟ್ಟಿತ್ತು, ಪುಕ್ಕಟೆ ಕನ್ವರ್ಟರ್ ಅಂತ ಹೇಳ್ಕೊಂಡು ವೈರಸ್ ಹಾಕೋ, ಫೈಲಿನ ಒಳಗಿನ ಮಾಹಿತಿ ಕದಿಯೋ ಸೈಟುಗಳಿವೆ ಅಂತ.

ಹಾಗಂತ ಪೂರ್ತಿ ಬೇಡ ಅನ್ನಲ್ಲ. ವೆಬ್‌ಪಿ ಚಿತ್ರ ಜೆಪಿಜಿ ಮಾಡೋದು, ದೇವರ ಪಟ, ಹಾಡಿನ ಫೈಲು, ಯಾರು ನೋಡಿದ್ರೂ ನಷ್ಟ ಇಲ್ಲದ್ದು ಆದ್ರೆ ಹಾಕಿ. ಆಧಾರ್, ಪಹಣಿ, ಕ್ರಯಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ಪತ್ರೆ ರಿಪೋರ್ಟ್ ಯಾವ ಕಾರಣಕ್ಕೂ ಬೇಡ. ವೈರಸ್ ಇದೆಯಾ ನೋಡೋ ವೈರಸ್‌ಟೋಟಲ್ ಸೈಟಿಗೂ ಇದೇ ಮಾತು, ಅನುಮಾನದ ಫೈಲ್ ನೋಡೋಕೆ ತುಂಬಾ ಒಳ್ಳೇದು, ಆದ್ರೆ ಅಲ್ಲಿ ಹಾಕಿದ್ದು ಭದ್ರತಾ ಕಂಪನಿಗಳ ಜೊತೆ ಹಂಚಿಕೆ ಆಗುತ್ತೆ, ಸ್ವಂತ ಕಾಗದಪತ್ರ ಹಾಕೋ ಜಾಗ ಅಲ್ಲ. ಅಂದಹಾಗೆ ಇ-ಆಧಾರ್ ಪಿಡಿಎಫ್ ತೆಗೆಯಲ್ಲ ಅಂತ ಕನ್ವರ್ಟರಿಗೆ ಹಾಕೋರಿದ್ದಾರೆ, ಅದಕ್ಕೆ ಬೇಕಿರೋದು ಪಾಸ್‌ವರ್ಡ್ ಅಷ್ಟೇ, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಅದರ ಪಕ್ಕ ಹುಟ್ಟಿದ ವರ್ಷ. ಆಡಿಟರ್ ಕಳಿಸೋ ಜಿಎಸ್‌ಟಿ ಜೆಸನ್ ಫೈಲನ್ನಂತೂ ತೆಗೆಯೋದೇ ಬೇಕಿಲ್ಲ, ಅದು ಪೋರ್ಟಲಿಗೆ ಹಾಗೇ ಅಪ್‌ಲೋಡ್ ಮಾಡೋಕೆ ಇರೋದು.

ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳೋದು

ಆಟೋಕ್ಯಾಡು, ಕೋರಲ್ಲು ವರ್ಷಕ್ಕೆ ಹತ್ತಾರು ಸಾವಿರದ ಮಾತು. ದಿನಾ ಅದರಲ್ಲೇ ದುಡಿಯೋರಿಗೆ ಮಾತ್ರ ಇದು. ಸಿವಿಲ್ ಅಥವಾ ಆರ್ಕಿಟೆಕ್ಚರ್ ಓದೋ ಮಕ್ಕಳಿದ್ರೆ ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ಪುಕ್ಕಟೆ ಕೊಡುತ್ತೆ, ಕಾಲೇಜಿನ ದಾಖಲೆ ತೋರಿಸಿ ತಗೊಳ್ಳಿ. ಪೆನ್‌ಡ್ರೈವಲ್ಲಿ ಸಿಗೋ ಕ್ರ್ಯಾಕ್, ಅಂದ್ರೆ ಕಳ್ಳ ಕಾಪಿ ಹಾಕಬೇಡಿ, ಅದರ ಜೊತೆ ಬಂದ ವೈರಸ್ಸಿಂದ ವರ್ಷಗಟ್ಟಲೆ ಕೂಡಿಟ್ಟ ಫೋಟೋ ಕಳ್ಕೊಂಡವರು ಕಂಪ್ಯೂಟರ್ ಹೊತ್ಕೊಂಡು ನನ್ನ ಹತ್ರ ಬಂದಿದ್ದಾರೆ, ಎಷ್ಟೋ ಸಲ ಏನೂ ಮಾಡಕ್ಕಾಗಿಲ್ಲ.

ಡಿಟಿಪಿ ಅಂಗಡಿ

ಒಂದೇ ಸಲದ ಕೆಲಸ, ಕೈಗೆ ಕಾಗದ ಬೇಕು, ಕಂಪ್ಯೂಟರ್ ಗೊತ್ತಿಲ್ಲ ಅನ್ನೋರಿಗೆ ಇದು ಖಂಡಿತ ಒಳ್ಳೇ ದಾರಿ. ಅವರ ಹತ್ರ ಕೋರಲ್ಲು, ಪೇಜ್‌ಮೇಕರು, ನುಡಿ ಎಲ್ಲಾ ಮೊದಲೇ ಇರುತ್ತೆ, ಕನ್ನಡ ಫಾಂಟಿನ ಕಷ್ಟ ಅವರಷ್ಟು ಯಾರಿಗೂ ಗೊತ್ತಿಲ್ಲ. ದೊಡ್ಡ ನಕ್ಷೆ ಪ್ರಿಂಟ್ ಆದ್ರೆ ದೊಡ್ಡ ಹಾಳೆಗೆ ಪ್ರಿಂಟ್ ಹಾಕೋ ಪ್ಲಾಟರ್ ಮಷಿನ್ ಇದೆಯಾ ಅಂತ ಫೋನಲ್ಲೇ ಕೇಳ್ಕೊಂಡು ಹೋಗಿ, ಸಕಲೇಶಪುರದಿಂದ ಬಸ್ಸಲ್ಲಿ ಬಂದು ವಾಪಸ್ ಹೋಗೋದು ಸುಮ್ನೆ ಅಲ್ಲ. ಅಂಗಡೀಲಿ ವಾಟ್ಸಾಪ್ ವೆಬ್ ಹಾಕಿದ್ರೆ ಏಳೋ ಮುಂಚೆ ಲಾಗೌಟ್ ಮಾಡಿ, ಕಾಗದಪತ್ರದ ಫೈಲ್ ಆದ್ರೆ ನಿಮ್ಮ ಎದುರಿಗೇ ಅಳಿಸೋಕೆ ಹೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಪೆನ್‌ಡ್ರೈವ್ ಹಾಕಿದ್ರೆ ಮನೆಗೆ ಬಂದು ಸ್ಕ್ಯಾನ್ ಮಾಡಿ.

ಚಿಕ್ಕಪ್ಪನ ಕೆಲಸ ಕೊನೆಗೆ ಹೀಗಾಯ್ತು. ಜಮೀನಿನ ವಿಷಯ, ಹಾಗಾಗಿ ಕನ್ವರ್ಟರ್ ಸೈಟ್ ಬೇಡ. ಒಂದು ಸಲದ ಕೆಲಸ, ಹಾಗಾಗಿ ಆಟೋಕ್ಯಾಡ್ ಬೇಡ. ಅಳತೆ ಮಾಡ್ದೋರು ಫೋನಿಗೆ ಸಿಗ್ತಿದ್ರು, ಸ್ಕೇಲ್ ಸಮೇತ ಪಿಡಿಎಫ್ ಮಾಡಿ ಕಳಿಸಿ ಅಂತ ಕೇಳಿಸಿದೆ, ಸಾಯಂಕಾಲದ ಹೊತ್ತಿಗೆ ಬಂತು. ಪಿಡಿಎಫ್ ಬಂತು ಅಂತ ಡಿಡಬ್ಲ್ಯೂಜಿ ಅಳಿಸಬೇಡಿ ಅಂದಿದ್ದೀನಿ, ನಾಳೆ ಭಾಗ ಮಾಡೋ ಕಾಲಕ್ಕೆ ಬೇರೆ ಸರ್ವೆಯವರು ಮೊದಲು ಕೇಳೋದು ಅದನ್ನೇ.

ಅತ್ತಿಗೆ ವಿಸಿಡಿಯದ್ದು ಕೇಳೋಕೆ ಯಾರೂ ಇರಲಿಲ್ಲ, ವಿಡಿಯೋ ತೆಗೆದ ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷ ಆಗಿದೆ. ಸಿಡಿ ಡ್ರೈವ್ ಇರೋ ಹಳೇ ಕಂಪ್ಯೂಟರಲ್ಲಿ ಹಾಕಿ, ಎಂಪಿಇಜಿಎವಿ ಅನ್ನೋ ಫೋಲ್ಡರಿನ ಒಳಗಿದ್ದ ಡ್ಯಾಟ್ ಫೈಲುಗಳನ್ನ ಮೊದಲು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ವಿಎಲ್‌ಸಿಗೆ ಎಳೆದು ಹಾಕಿದೆ, ನಾದಸ್ವರ ಶುರುವಾಯ್ತು. ಡ್ಯಾಟ್ ಅನ್ನೋ ಹೆಸರು ಯಾರು ಬೇಕಾದ್ರೂ ಇಟ್ಕೋತಾರೆ, ವಿಸಿಡಿಲಿ ಅದು ಎಂಪೆಗ್ 1 ವಿಡಿಯೋ, ನಮ್ಮ ಕಡೇದಾದ್ರೆ ಅಳತೆ 352×288 ಅಷ್ಟೇ, ಯಾವ ಸೈಟಲ್ಲಿ ಕನ್ವರ್ಟ್ ಮಾಡಿದ್ರೂ ಅದಕ್ಕಿಂತ ಸ್ಪಷ್ಟ ಆಗಲ್ಲ, ಅದಕ್ಕಂತ ದುಡ್ಡು ಕೊಡಬೇಡಿ. ಮೂರು ಸಿಡಿಲಿ ಒಂದು ಗೀಚಿ ಹೋಗಿ ಧಾರೆಯ ಭಾಗ ಅಲ್ಲಲ್ಲಿ ನಿಂತು ನಿಂತು ಬಂತು, ಅತ್ತಿಗೆಯ ಅಪ್ಪ ಕೈ ನೀರು ಬಿಡೋದು ಮಾತ್ರ ಪೂರ್ತಿ ಸಿಕ್ತು. ನಿಮ್ಮ ಮನೆ ಬೀರುವಲ್ಲೂ ಇಂಥ ಸಿಡಿ ಇದ್ರೆ ಈ ಭಾನುವಾರವೇ ತೆಗೆದು ಒಂದು ಹಾರ್ಡ್‌ಡಿಸ್ಕಿಗೆ, ಇನ್ನೊಂದು ಪೆನ್‌ಡ್ರೈವಿಗೆ ಹಾಕಿಡಿ, ಸಿಡಿ ಡ್ರೈವ್ ಇರೋ ಕಂಪ್ಯೂಟರು ಈಗ ಹುಡುಕಿದ್ರೂ ಕಷ್ಟಕ್ಕೆ ಸಿಗ್ತಿವೆ.